ತಲೆ ಓಡದ ಹೊತ್ತಿಗೆ ಮೊದಲೇ ಮಾಡಿಟ್ಟುಕೊಳ್ಳುವ ತೀರ್ಮಾನ

(ತಾಳಮಲೆಯಲ್ಲಿ ಗಡಿ ತಾಲೂಕುಗಳ ಕನ್ನಡ ಯುವಕ ಯುವತಿಯರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಮಾತಿನ ಧಾಟಿಯನ್ನು ಹಾಗೇ ಉಳಿಸಿದ್ದೇವೆ.)

ತಾಳವಾಡಿಯಿಂದ, ಹಾಸನೂರಿಂದ, ಆ ಕಡೆ ಹೊಸೂರು ತಾಳಿ ಕಡೆಯಿಂದ ಬಂದಿರೋ ತಮ್ಮಂದಿರೇ, ತಂಗಿಯರೇ, ಹಿಂದೆ ಕೂತಿರೋ ಹಿರಿಯರೇ.

ನಂಗೆ ಕೊಟ್ಟಿರೋ ವಿಷಯ "ಒತ್ತಡದ ಸಮಯದಲ್ಲಿ ಸರಿಯಾದ ನಿರ್ಧಾರ". ಈ ವಿಷಯದ ಮೇಲೆ ಭಾಷಣ ಕೇಳಿದರೆ ಸಾಮಾನ್ಯವಾಗಿ ಏನು ಸಿಗುತ್ತೆ ಅಂತ ನಿಮಗೇ ಗೊತ್ತು. ಗಾಬರಿ ಆಗಬೇಡಿ, ಧೈರ್ಯವಾಗಿರಿ, ಶಾಂತವಾಗಿ ಯೋಚನೆ ಮಾಡಿ. ಕೇಳೋಕೆ ಚೆಂದ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಅವ್ವನ ಕಾಲಿಗೆ ಹಾವು ಕಚ್ಚಿ ಆಕೆ ಕಿರುಚ್ತಾ ಇರೋವಾಗ ಶಾಂತವಾಗಿ ಯೋಚನೆ ಮಾಡೋಕೆ ಯಾರಿಗೆ ಆಗುತ್ತೆ? ಆಗಲ್ಲ. ಎದೆ ಹೊಡ್ಕೊಳ್ಳುತ್ತೆ, ಕೈ ನಡುಗುತ್ತೆ, ಫೋನಲ್ಲಿ ಮೂರು ಅಂಕಿ ಒತ್ತೋಕೂ ಬೆರಳು ಮಾತು ಕೇಳಲ್ಲ. ಅದು ಹೇಡಿತನ ಅಲ್ಲ, ಮೈಯ ಗುಣ.

ಅದಕ್ಕೇ ನಾನು ಇವತ್ತು ಹೇಳೋದು ಒಂದೇ ಮಾತು. ಗಾಬರಿಯ ಹೊತ್ತಲ್ಲಿ ತೀರ್ಮಾನ ಮಾಡೋದನ್ನ ಆದಷ್ಟು ಕಮ್ಮಿ ಮಾಡಿಕೊಳ್ಳಬೇಕು. ಮಾಡಬೇಕಾದ್ದನ್ನ ಇಂಥ ಮಧ್ಯಾಹ್ನ, ಹೊಟ್ಟೆ ತುಂಬಿರೋವಾಗ, ಜಗಲಿ ಮೇಲೆ ಕೂತು ಮಾಡಿ ಮುಗಿಸಿರಬೇಕು. ಆಮೇಲೆ ಅದನ್ನ ಕೈಕಾಲಿಗೆ ರೂಢಿ ಮಾಡಿಸಿರಬೇಕು. ತರಬೇತಿ ಅಂದ್ರೆ ಇಷ್ಟೇ. ಆದರೆ ಈ "ಇಷ್ಟೇ"ನ ನಮ್ಮೂರುಗಳಲ್ಲಿ ಯಾರೂ ಮಾಡ್ತಾ ಇಲ್ಲ.

ಬೇರೆ ಎಲ್ಲೋ ಯಾಕೆ ಹೋಗಬೇಕು, ನಮ್ಮ ಪಕ್ಕದ ದೊಡ್ಡಗಾಜನೂರಿಂದಲೇ ಶುರು ಮಾಡೋಣ. 2000ನೇ ಇಸವಿ ಜುಲೈ 30, ಭಾನುವಾರ. ನಿಮ್ಮಲ್ಲಿ ಬಹಳ ಜನ ಆಗ ಹುಟ್ಟಿರಲಿಲ್ಲ. ಅಣ್ಣಾವ್ರು, ಡಾ. ರಾಜ್‌ಕುಮಾರ್, ತಮ್ಮ ಊರಿನ ತೋಟದ ಮನೆಗೆ ಬಂದಿದ್ದರು. ರಾತ್ರಿ ವೀರಪ್ಪನ್ ಬಂದೂಕಿನ ಜನರ ಜೊತೆ ಮನೆಯೊಳಗೇ ಬಂದ. ಅಣ್ಣಾವ್ರನ್ನ, ಅಳಿಯ ಗೋವಿಂದರಾಜು ಅವರನ್ನ, ನಾಗೇಶ್, ನಾಗಪ್ಪ ಅವರನ್ನ ಕಾಡಿಗೆ ಕರ್ಕೊಂಡು ಹೋದ. ಹೋಗೋ ಮುಂಚೆ ಪಾರ್ವತಮ್ಮನವರ ಕೈಗೆ ಒಂದು ಕ್ಯಾಸೆಟ್ ಕೊಟ್ಟ, ಕರ್ನಾಟಕದ ಮುಖ್ಯಮಂತ್ರಿಗೆ ತಲುಪಿಸಿ ಅಂತ.

ಒಂದು ನಿಮಿಷ ಆ ತಾಯಿಯ ಜಾಗದಲ್ಲಿ ನಿಂತು ನೋಡಿ. ಗಂಡನನ್ನ ಬಂದೂಕು ತೋರಿಸಿ ಎಳ್ಕೊಂಡು ಹೋಗಿದ್ದಾರೆ. ಸುತ್ತ ಕತ್ತಲೆ. ನಾಡಿಗೆ ನಾಡೇ ಹೊತ್ಕೊಂಡು ಉರಿಯಬಹುದಾದ ಸುದ್ದಿ ಕೈಯಲ್ಲಿದೆ. ಆಕೆ ಆ ರಾತ್ರಿಯೇ ಹೊರಟರು, ಬೆಳಗಿನ ಜಾವದ ಹೊತ್ತಿಗೆ ಬೆಂಗಳೂರು ಸೇರಿ ಎಸ್.ಎಂ. ಕೃಷ್ಣ ಅವರಿಗೆ ಕ್ಯಾಸೆಟ್ ಮುಟ್ಟಿಸಿದರು. ಆಕೆಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ, ನಿಜ. ಆದರೆ ಚಿತ್ರ ನಿರ್ಮಾಣ, ಹಣಕಾಸು, ನೂರಾರು ಜನರ ಊಟ ವಸತಿ, ಎಲ್ಲವನ್ನೂ ದಶಕಗಳ ಕಾಲ ತಲೆ ಮೇಲೆ ಹೊತ್ತು ನಡೆಸಿದ ಹೆಣ್ಣುಮಗಳು ಅವರು. ಇಕ್ಕಟ್ಟಿನಲ್ಲಿ ಮುಂದಿನ ಒಂದು ಕೆಲಸ ಯಾವುದು ಅಂತ ಹಿಡಿಯೋದು ಅವರಿಗೆ ದಿನದ ರೂಢಿ. ನನ್ನ ಲೆಕ್ಕದಲ್ಲಿ ಅದೇ ತರಬೇತಿ.

ಈಗ ಸರ್ಕಾರಗಳ ಕಡೆ ನೋಡಿ. ವೀರಪ್ಪನ್ ಕಣ್ಣು ಅಣ್ಣಾವ್ರ ಮೇಲಿದೆ ಅನ್ನೋ ಮಾಹಿತಿ ಪೊಲೀಸರಿಗೆ ಮೊದಲೇ ಇತ್ತು. ಆದರೆ ಇಬ್ಬರು ಮುಖ್ಯಮಂತ್ರಿಗಳು, ಕೃಷ್ಣ ಮತ್ತು ಕರುಣಾನಿಧಿ, ಚೆನ್ನೈಯಲ್ಲಿ ಎದುರುಬದುರು ಕೂತು ಏನು ಮಾಡೋಣ ಅಂತ ಮಾತಾಡಿದ್ದು ಘಟನೆ ಆದಮೇಲೆ. ಅಷ್ಟು ಹೊತ್ತಿಗೆ ಬೆಂಗಳೂರಲ್ಲಿ ಬಸ್ಸಿಗೆ ಕಲ್ಲು ಬಿದ್ದಿತ್ತು, ಅಂಗಡಿ ಬಾಗಿಲು ಹಾಕಿತ್ತು. ಆಮೇಲೆ ನಕ್ಕೀರನ್ ಗೋಪಾಲ್ ಕಾಡಿಗೆ ಹೋದರು, ಬಂದರು, ಮತ್ತೆ ಹೋದರು. ಬೇಡಿಕೆ ಪಟ್ಟಿ ಬೆಳೀತು. ಕಾವೇರಿ, ಬೆಂಗಳೂರಿನ ತಿರುವಳ್ಳುವರ್ ಪ್ರತಿಮೆ, ಜೈಲಲ್ಲಿರೋ ಟಾಡಾ ಆರೋಪಿಗಳ ಬಿಡುಗಡೆ. ಸರ್ಕಾರಗಳು ಬಿಡುಗಡೆಗೆ ಒಪ್ಪಿಯೂ ಬಿಟ್ಟವು.

ಆಗ ಒಬ್ಬ ಮುದುಕರು ಅಡ್ಡ ನಿಂತರು. ಅಬ್ದುಲ್ ಕರೀಂ ಅಂತ. ಅವರ ಮಗ ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ 1992ರಲ್ಲಿ ವೀರಪ್ಪನ್ ಗುಂಪಿನ ಕೈಯಲ್ಲಿ ಸತ್ತಿದ್ದರು. ಆ ತಂದೆ ಸುಪ್ರೀಂ ಕೋರ್ಟಿಗೆ ಹೋದರು. 2000ದ ನವೆಂಬರ್ 7ರಂದು ಕೋರ್ಟು ಆರೋಪ ಕೈಬಿಡೋ ತೀರ್ಮಾನವನ್ನ ರದ್ದು ಮಾಡಿತು. ಬಿಟ್ಟರೆ ಏನಾಗುತ್ತೆ ಅನ್ನೋದನ್ನ ಸರ್ಕಾರಗಳು ಸರಿಯಾಗಿ ತೂಗಿ ನೋಡಿಲ್ಲ ಅನ್ನೋದು ಅದರ ಸಾರ. ಇನ್ನೂ ಒಂದು ವಿಚಾರ ಗಮನಿಸಿ. ಟಾಡಾ ಆರೋಪಿಗಳನ್ನ ಬಿಡದೇ ಹೋದರೆ ಅಣ್ಣಾವ್ರ ಗತಿ ಏನು ಅಂತ ಎಲ್ಲರೂ ಹೆದರಿದ್ದರು. ಕೋರ್ಟು ಆ ದಾರಿ ಮುಚ್ಚಿದ ಎಂಟೇ ದಿನಕ್ಕೆ, ನವೆಂಬರ್ 15ಕ್ಕೆ, ಅಣ್ಣಾವ್ರು ಬಿಡುಗಡೆಯಾದರು. ಒಟ್ಟು 108 ದಿನ. ಇದರ ಹಿಂದೆ ಏನೇನು ನಡೀತು ಅನ್ನೋ ಕಥೆಗಳು ನೂರಿವೆ, ಅವೆಲ್ಲ ಈಗ ಬೇಡ. ನನಗೆ ಬೇಕಾದ್ದು ಇಷ್ಟು: ಗಾಬರಿಯಲ್ಲಿ "ಇದೊಂದೇ ದಾರಿ" ಅಂತ ಕಾಣೋದು ಬಹಳ ಸಲ ಒಂದೇ ದಾರಿ ಆಗಿರಲ್ಲ. ಹೊರಗೆ ನಿಂತವರೊಬ್ಬರು "ಸ್ವಲ್ಪ ತಡೀರಪ್ಪ" ಅನ್ನೋ ವ್ಯವಸ್ಥೆ ಇರಬೇಕು. ನಮ್ಮ ಹಳ್ಳಿಯ ಗುಂಪುಗಳಲ್ಲೂ ಅಂಥವರೊಬ್ಬರು ಬೇಕು. ಇದಕ್ಕೆ ಆಮೇಲೆ ಬರ್ತೀನಿ.

ಮೊದಲೇ ತೀರ್ಮಾನ ಮಾಡಿಟ್ಟುಕೊಂಡಿದ್ರೆ ಏನು ವ್ಯತ್ಯಾಸ ಆಗುತ್ತೆ ಅಂತ ನೋಡೋಕೆ ಜಪಾನಿನ ಎರಡು ಶಾಲೆಗಳ ಕಥೆಯಷ್ಟು ಸ್ಪಷ್ಟವಾದದ್ದು ನನಗೆ ಗೊತ್ತಿಲ್ಲ. ಸಮುದ್ರ ನಮಗೆ ದೂರ, ಸುನಾಮಿ ಈ ಮಲೆ ಹತ್ತಿ ಬರಲ್ಲ. ಆದರೂ ಕೇಳಿ, ಯಾಕಂದ್ರೆ ಇದು ನಿಮ್ಮ ವಯಸ್ಸಿನ ಮಕ್ಕಳ ಕಥೆ.

2011ರ ಮಾರ್ಚ್ 11. ಒಂದೇ ಭೂಕಂಪ, ಒಂದೇ ಸುನಾಮಿ. ಇಶಿನೊಮಾಕಿ ಅನ್ನೋ ಊರಿನ ಒಕಾವಾ ಪ್ರಾಥಮಿಕ ಶಾಲೆ. ಹಿಂದೆಯೇ ಗುಡ್ಡ ಇದೆ. ಶಾಲೆಯಲ್ಲಿ ತುರ್ತು ಯೋಜನೆಯ ಕಡತವೂ ಇತ್ತು. ಆದರೆ ಅದರಲ್ಲಿ ಎಲ್ಲಿಗೆ ಓಡಬೇಕು ಅನ್ನೋ ಜಾಗದಲ್ಲಿ "ಹತ್ತಿರದ ಖಾಲಿ ಜಾಗ, ಪಾರ್ಕು" ಅಂತ ಮಾತ್ರ ಬರೆದಿತ್ತು. ಯಾವ ಖಾಲಿ ಜಾಗ? ಯಾರೂ ಕೇಳಿರಲಿಲ್ಲ. ಭೂಕಂಪ ಆದಮೇಲೆ ಸುಮಾರು ಐವತ್ತು ನಿಮಿಷ ಸಮಯ ಇತ್ತು. ಮಕ್ಕಳನ್ನ ಮೈದಾನದಲ್ಲಿ ಕೂರಿಸಿ ದೊಡ್ಡವರು ಚರ್ಚೆ ಮಾಡಿದರು, ಗುಡ್ಡಕ್ಕೆ ಹೋಗೋಣವಾ, ಸೇತುವೆ ಹತ್ತಿರ ಹೋಗೋಣವಾ ಅಂತ. ನೀರು ಬಂದಾಗ 74 ಮಕ್ಕಳು, 10 ಜನ ಮೇಷ್ಟ್ರುಗಳು ಹೋದರು. ಆ ಮೇಷ್ಟ್ರುಗಳು ಕೆಟ್ಟವರಲ್ಲ, ದಡ್ಡರೂ ಅಲ್ಲ. ಬೇಸಿಗೆಯ ಒಂದು ಮಧ್ಯಾಹ್ನ ಕೂತು ಮುಗಿಸಬೇಕಾಗಿದ್ದ ಚರ್ಚೆಯನ್ನ ಅವರು ಭೂಮಿ ನಡುಗಿದ ಮೇಲೆ ಶುರು ಮಾಡಬೇಕಾಯ್ತು. ತಂದೆತಾಯಿಗಳು ಕೋರ್ಟಿಗೆ ಹೋದರು. ಮೊದಲೇ ಸರಿಯಾದ ಯೋಜನೆ ಮಾಡದೇ ಇದ್ದದ್ದು ಶಾಲೆ ಮತ್ತು ಆಡಳಿತದ ತಪ್ಪು ಅಂತ 2018ರಲ್ಲಿ ಸೆಂದಾಯ್ ಹೈಕೋರ್ಟ್ ತೀರ್ಪು ಕೊಟ್ಟಿತು, ಮುಂದಿನ ವರ್ಷ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನೇ ಉಳಿಸಿತು.

ಅದೇ ದಿನ ಕಮಾಯಿಶಿ ಅನ್ನೋ ಇನ್ನೊಂದು ಊರು. ಅಲ್ಲಿ ಕಟಾಡಾ ಅನ್ನೋ ಪ್ರೊಫೆಸರ್ ಒಬ್ಬರು ವರ್ಷಗಟ್ಟಲೆ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಕಲಿಸಿದ್ದರು. ನಕ್ಷೆಯಲ್ಲಿ ಇಲ್ಲಿಗೆ ನೀರು ಬರಲ್ಲ ಅಂತಿದ್ರೂ ನಂಬಬೇಡಿ. ಆ ಹೊತ್ತಲ್ಲಿ ಆಗೋದರಲ್ಲಿ ಉತ್ತಮವಾದ್ದನ್ನ ಮಾಡಿ. ಬೇರೆಯವರು ಓಡಲಿ ಅಂತ ಕಾಯಬೇಡಿ, ನೀವೇ ಮೊದಲು ಓಡಿ. ಅಂದು ಏನಾಯ್ತು? ಹೈಸ್ಕೂಲ್ ವಯಸ್ಸಿನ ಮಕ್ಕಳು ಯಾರ ಅಪ್ಪಣೆಗೂ ಕಾಯದೆ ಎತ್ತರಕ್ಕೆ ಓಡಿದರು. ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳನ್ನ ಮೂರನೇ ಮಹಡಿಗೆ ಹತ್ತಿಸಿದ್ದರು. ದೊಡ್ಡ ಮಕ್ಕಳು ಓಡೋದು ಕಂಡು ಅವರೂ ಇಳಿದು ಹಿಂದೆ ಓಡಿದರು. ಗೊತ್ತುಮಾಡಿದ್ದ ಜಾಗ ಸೇರಿದ ಮೇಲೆ ಅಲ್ಲಿ ಗುಡ್ಡದ ಮಣ್ಣು ಜರಿಯೋದು ಕಾಣಿಸ್ತು. ಇನ್ನೂ ಮೇಲೆ ಹೋದರು. ಆಮೇಲೆ ಇನ್ನೂ ಮೇಲೆ. ದಾರಿಯಲ್ಲಿ ದೊಡ್ಡವರು ಚಿಕ್ಕವರ ಕೈ ಹಿಡಿದರು. ಆ ಎರಡು ಶಾಲೆಗಳಲ್ಲಿ ಅಂದು ಇದ್ದ ಸುಮಾರು 600 ಮಕ್ಕಳು ಉಳಿದರು. ಅವರ ಶಾಲೆ ಕಟ್ಟಡ ಮುಳುಗಿಹೋಯಿತು.

ಒಕಾವಾದ ಮಕ್ಕಳಿಗೆ ಧೈರ್ಯ ಕಮ್ಮಿ ಇತ್ತು, ಕಮಾಯಿಶಿ ಮಕ್ಕಳಿಗೆ ಜಾಸ್ತಿ ಇತ್ತು ಅಂತ ಹೇಳೋಕೆ ಆಗುತ್ತಾ? ಒಂದು ಕಡೆ ಪ್ರಶ್ನೆ ಮೊದಲೇ ಕೇಳಿ ಮುಗಿಸಿದ್ದರು, ಇನ್ನೊಂದು ಕಡೆ ಕಡತದಲ್ಲಿ ಸಾಲು ತುಂಬಿಸಿ ಮುಗಿಸಿದ್ದರು. ಇಂಥ ಕಡತಗಳು ನಮ್ಮ ಪಂಚಾಯ್ತಿ ಆಫೀಸಲ್ಲೂ ಇರ್ತವೆ ಅಂತ ಬೇರೆ ಹೇಳಬೇಕಾಗಿಲ್ಲ.

ಸರಿ, ನಮ್ಮ ಮಲೆಗೆ ಬರೋಣ. ನಮಗೆ ಹಾವು ಇದೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತಿದ್ದಾರೆ ಅಂತ ಒಂದು ದೊಡ್ಡ ಅಧ್ಯಯನದ ಅಂದಾಜು. ಸಾಯೋರು ಯಾರು? ರಾಗಿ ಹೊಲದಲ್ಲಿ ಕಳೆ ಕೀಳೋರು, ರಾತ್ರಿ ಆನೆ ಕಾಯೋಕೆ ಹೊಲದ ಗುಡಿಸಲಲ್ಲಿ ಮಲಗೋರು, ನೆಲದ ಮೇಲೆ ಚಾಪೆ ಹಾಸ್ಕೊಂಡು ಮಲಗೋರು. ಅಂದ್ರೆ ನಮ್ಮಂಥವರು.

ಹಾವು ಕಚ್ಚಿದಾಗ ಮನೆಯಲ್ಲಿ ಏಳೋ ಪ್ರಶ್ನೆಗಳು ನಿಮಗೂ ಗೊತ್ತು. ಯಾವ ಹಾವು? ಹಾವನ್ನ ಹೊಡೀಬೇಕಾ? ಮೇಲೆ ಹಗ್ಗ ಬಿಗೀಬೇಕಾ? ಬ್ಲೇಡಲ್ಲಿ ಕುಯ್ದು ರಕ್ತ ತೆಗೀಬೇಕಾ? ನಾಟಿ ಔಷಧಿಯವರ ಮನೆಗಾ, ಆಸ್ಪತ್ರೆಗಾ? ತಾಳವಾಡಿಗಾ, ಸತ್ಯಮಂಗಲಕ್ಕಾ, ಚಾಮರಾಜನಗರಕ್ಕಾ? ಗಾಡಿ ಯಾರದ್ದು? ದುಡ್ಡು? ಏಳೆಂಟು ಪ್ರಶ್ನೆ, ಏಳೆಂಟು ಜನ ಕೂಗಾಡೋರು. ಅರ್ಧ ಗಂಟೆ ಅಲ್ಲೇ ಹೋಯ್ತು.

ಇದರಲ್ಲಿ ಅರ್ಧಕ್ಕೆ ಉತ್ತರ ಯಾವತ್ತೋ ಸಿಕ್ಕಾಗಿದೆ. ಯಾವ ಹಾವು ಅಂತ ಹುಡುಕೋ ಅಗತ್ಯ ಇಲ್ಲ, ಯಾಕಂದ್ರೆ ನಮ್ಮ ಆಸ್ಪತ್ರೆಗಳಲ್ಲಿ ಕೊಡೋ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ. ಹಾವು ಹುಡುಕೋಕೆ ಹೋದ್ರೆ ಇನ್ನೊಬ್ಬರಿಗೆ ಕಚ್ಚಿಸಿಕೊಂಡು ಬರ್ತೀರಿ, ಅಷ್ಟೇ. (ಆ ಔಷಧಿಗೆ ಬೇಕಾದ ವಿಷ ತೆಗೆದುಕೊಡೋರಲ್ಲಿ ಮುಖ್ಯರು ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದವರು. ಕಾಡಿನ ಜನರ ವಿದ್ಯೆ ಇಡೀ ದೇಶದ ಜೀವ ಉಳಿಸ್ತಾ ಇದೆ, ಇದು ಪಠ್ಯಪುಸ್ತಕದಲ್ಲಿ ಇರಬೇಕಾಗಿತ್ತು.) ಹಗ್ಗ ಬಿಗಿಯೋದು ಬೇಡ, ಕುಯ್ಯೋದು ಬೇಡ, ಬಾಯಲ್ಲಿ ಹೀರೋದು ಬೇಡ. ಕಚ್ಚಿದ ಕೈಕಾಲನ್ನ ಮೂಳೆ ಮುರಿದಾಗ ಕಟ್ತೀವಲ್ಲ, ಹಾಗೆ ಕಡ್ಡಿ ಇಟ್ಟು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಅಲ್ಲಾಡದ ಹಾಗೆ ಇಡೋದು. ಉಂಗುರ, ಬಳೆ, ಕಾಲುಂಗುರ ತೆಗೆದುಬಿಡೋದು, ಆಮೇಲೆ ಊದಿಕೊಂಡ್ರೆ ತೆಗೆಯೋಕೆ ಆಗಲ್ಲ. ನಡೆಸಬಾರದು, ಎತ್ಕೊಂಡು ಹೋಗಬೇಕು. ಕಚ್ಚಿದ ಸಮಯ ಎಷ್ಟು ಅಂತ ಒಬ್ಬರು ನೆನಪಿಡಬೇಕು.

ಕಟ್ಟುಹಾವಿನ ವಿಚಾರ ಮಾತ್ರ ಬೇರೆಯಾಗಿ ಹೇಳ್ತೀನಿ. ಅದು ರಾತ್ರಿ ಮಲಗಿದವರಿಗೆ ಕಚ್ಚುತ್ತೆ, ನೋವೇ ಇರಲ್ಲ, ಗುರುತೂ ಕಾಣದೇ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳ್ತಾರೆ, ಕಣ್ಣುರೆಪ್ಪೆ ಜೋತು ಬೀಳುತ್ತೆ, ಮಾತು ತೊದಲುತ್ತೆ. ಮನೆಯವರು ಗ್ಯಾಸ್ಟ್ರಿಕ್ ಅಂತ ಸೋಡ ಕುಡಿಸ್ತಾರೆ. ನೆಲದ ಮೇಲೆ ಮಲಗಿದ್ದವರಿಗೆ ಹೀಗಾದರೆ ಹಾವು ಅಂತಲೇ ಲೆಕ್ಕ ಹಾಕಿ ಹೊರಡಬೇಕು. ಇದೂ ಮೊದಲೇ ಮಾಡಿಟ್ಟುಕೊಳ್ಳೋ ತೀರ್ಮಾನವೇ.

ಇಂಥ ತರಬೇತಿಯಿಂದ ಏನಾದ್ರೂ ಆಗುತ್ತಾ ಅಂತ ಕೇಳೋರಿಗೆ ನೇಪಾಳದ ದಮಕ್ ಕಡೆಯ ಹಳ್ಳಿಗಳ ಲೆಕ್ಕ ಹೇಳ್ತೀನಿ. ಅಲ್ಲಿ ಹಳ್ಳಿಯ ಬೈಕ್ ಇರೋ ಹುಡುಗರನ್ನೇ ಸ್ವಯಂಸೇವಕರು ಮಾಡಿದರು. ಹಾವು ಕಚ್ಚಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಮನೆಮನೆಗೆ ಹೇಳಿದರು. ರೋಗಿಯನ್ನ ಬೈಕಲ್ಲಿ ಮಧ್ಯೆ ಕೂರಿಸಿ, ಹಿಂದೆ ಒಬ್ಬರು ಹಿಡ್ಕೊಂಡು, ಸೀದಾ ಚಿಕಿತ್ಸಾ ಕೇಂದ್ರಕ್ಕೆ. ಕಚ್ಚಿಸಿಕೊಂಡವರಲ್ಲಿ ಮುಂಚೆ ನೂರಕ್ಕೆ 10.5 ಜನ ಸಾಯ್ತಾ ಇದ್ದದ್ದು 0.5ಕ್ಕೆ ಇಳೀತು. ಹೊಸ ಆಸ್ಪತ್ರೆ ಕಟ್ಟಲಿಲ್ಲ, ಹೊಸ ಔಷಧಿ ಕಂಡುಹಿಡಿಯಲಿಲ್ಲ. ನಮ್ಮೂರಲ್ಲಿ ಬೈಕಿಗೆ ಬರ ಇದೆಯಾ?

ಉಳಿದ ಪ್ರಶ್ನೆಗಳಿಗೆ ಉತ್ತರ ಯಾವ ಪುಸ್ತಕದಲ್ಲೂ ಇಲ್ಲ, ನೀವೇ ಹುಡುಕಬೇಕು. ನಾವು ಗಡಿಯವರು, ಆದ್ದರಿಂದ ನಮ್ಮ ಪ್ರಶ್ನೆಗಳು ಬೇರೆಯವರಿಗಿಂತ ಎರಡು ಜಾಸ್ತಿ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯ್ತು, ತಾಳವಾಡಿ ಫಿರ್ಕಾ ಮದ್ರಾಸಲ್ಲಿ ಉಳೀತು. ಆ ಗೆರೆ ಇವತ್ತೂ ರಾತ್ರಿ ಹನ್ನೊಂದು ಗಂಟೆಗೆ ನಮ್ಮ ಮುಂದೆ ಬಂದು ನಿಲ್ಲುತ್ತೆ. ನಮ್ಮ ರಾಜ್ಯದ ದೊಡ್ಡ ಆಸ್ಪತ್ರೆಗೆ ಹೋಗಬೇಕಾದ್ರೆ ದಿಂಬಂ ಘಾಟಿಯ 27 ತಿರುವು ಇಳೀಬೇಕು. ತಾಳವಾಡಿ ಕಡೆಯವರಿಗೆ ಚಾಮರಾಜನಗರ ಹತ್ತಿರ, ಆದರೆ ಅದು ಬೇರೆ ರಾಜ್ಯ. ಮದ್ರಾಸ್ ಹೈಕೋರ್ಟ್ ಆದೇಶದ ಮೇಲೆ 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಆಂಬುಲೆನ್ಸ್ ಬಿಡ್ತಾರೆ. ನಿಮ್ಮ ಚಿಕ್ಕಪ್ಪನ ಜೀಪಲ್ಲಿ ರೋಗಿ ಇದ್ದರೆ ಚೆಕ್‌ಪೋಸ್ಟಲ್ಲಿ ಯಾರಿಗೆ ಏನು ಹೇಳಬೇಕು? ಇದನ್ನ ಹಗಲಲ್ಲಿ ಹೋಗಿ ಕೇಳಿಕೊಂಡು ಬನ್ನಿ. ಪ್ರತಿವಿಷ ಯಾವ ಆಸ್ಪತ್ರೆಯಲ್ಲಿ ದಾಸ್ತಾನು ಇರುತ್ತೆ, ರಾತ್ರಿ ಡಾಕ್ಟ್ರು ಇರ್ತಾರಾ? ಕೇಳಿ. ನಮ್ಮ ಇನ್ಶೂರೆನ್ಸ್ ಕಾರ್ಡು ಚಾಮರಾಜನಗರದಲ್ಲಿ ನಡೆಯುತ್ತಾ? ಕೇಳಿ. 108ಕ್ಕೆ ಕರೆ ಮಾಡಿದರೆ ಎಲ್ಲಿಗೆ ಹೋಗುತ್ತೆ? ನಮ್ಮ ಕೆಲವು ಊರಲ್ಲಿ ಹಟ್ಟಿಯ ಈ ಮೂಲೆಯಲ್ಲಿ ತಮಿಳುನಾಡಿನ ಟವರ್ ಸಿಕ್ಕರೆ ಆ ಮೂಲೆಯಲ್ಲಿ ಕರ್ನಾಟಕದ್ದು ಸಿಗುತ್ತೆ. ಎಲ್ಲಿ ನಿಂತು ಫೋನ್ ಮಾಡಬೇಕು ಅಂತ ಊರಿಗೊಂದು ಜಾಗ ಗುರುತು ಮಾಡಿಡಿ.

ಇನ್ನು ಭಾಷೆ. ಇದು ನಮ್ಮ ಪುಟದ ವಿಷಯ ಅಂತ ಎಳೆದು ತರ್ತಾ ಇಲ್ಲ, ನಿಜವಾಗಿಯೂ ಇಲ್ಲಿದೆ. ಗಾಬರಿ ಆದಾಗ ಬಾಯಿಗೆ ಬರೋದು ತಾಯಿ ಮಾತು. ನಿಮಗೆ ತಮಿಳು ಬರುತ್ತೆ, ಸಂತೆಯಲ್ಲಿ ಚೆನ್ನಾಗೇ ವ್ಯವಹಾರ ಮಾಡ್ತೀರಿ. ಆದರೆ ಆ ಹೊತ್ತಲ್ಲಿ ಅದು ಬಾಯಿಂದ ಹೊರಡಲ್ಲ. ಆ ಕಡೆ ಫೋನ್ ಎತ್ತಿದವರಿಗೆ ಕನ್ನಡ ಗೊತ್ತಿಲ್ಲದೇ ಇರಬಹುದು. ಅದಕ್ಕೆ ನಾಲ್ಕು ವಾಕ್ಯ ಬಾಯಿಪಾಠ ಮಾಡಿಟ್ಟುಕೊಳ್ಳಿ, ಮಗ್ಗಿ ಹೇಳಿದ ಹಾಗೆ. "ಪಾಂಬು ಕಡಿಚ್ಚಿಡುಚ್ಚು. ತಾಳವಾಡಿ ಪಕ್ಕಂ." ಆಮೇಲೆ ಊರ ಹೆಸರು, ಹತ್ತಿರದ ಗುರುತು. "ಉಡನೇ ಆಂಬುಲೆನ್ಸ್ ಅನುಪ್ಪುಂಗ." ಇದನ್ನ ಕಲಿತರೆ ಕನ್ನಡತನ ಕಮ್ಮಿ ಆಗುತ್ತೆ ಅನ್ನೋರು ಯಾರಾದ್ರೂ ಇದ್ದರೆ ಅವರು ಬೆಂಗಳೂರಲ್ಲಿ ಕೂತು ಮಾತಾಡ್ತಾ ಇದ್ದಾರೆ ಅಂತ ಅರ್ಥ.

ಆದರೆ ಅರ್ಧ ದಾರಿ ನಾವು ಹೋದ ಮೇಲೆ ಇನ್ನರ್ಧ ಸರ್ಕಾರ ಬರಬೇಕು. ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20ರಷ್ಟು ಇರೋ ತಾಲೂಕುಗಳಲ್ಲಿ ಮುಖ್ಯ ಪ್ರಕಟಣೆ, ಸೂಚನೆಗಳನ್ನ ಆ ಭಾಷೆಯಲ್ಲೂ ಕೊಡಬೇಕು ಅನ್ನೋದು ಈ ದೇಶ ಒಪ್ಪಿಕೊಂಡಿರೋ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳಲ್ಲಿ ಒಂದು. ಇದು ನಡೀತಾ ಇದೆಯಾ ಅಂತ ನೋಡೋಕೆ ಸಂವಿಧಾನದ 350-ಬಿ ವಿಧಿಯ ಕೆಳಗೆ ಒಬ್ಬ ಆಯುಕ್ತರೇ ಇದ್ದಾರೆ. ನಾವು ಮನವಿ ಬರೆಯೋವಾಗ ಶಾಲೆ, ಪಠ್ಯಪುಸ್ತಕ, ಮೇಷ್ಟ್ರ ನೇಮಕ ಬರೀತೀವಿ, ಬರೀಲೇಬೇಕು. ಅದರ ಜೊತೆಗೆ ಇದನ್ನೂ ಸೇರಿಸಿ: ಹಾವು ಕಡಿತ, ಕಾಡಾನೆ, ಕಾಡ್ಗಿಚ್ಚಿನ ಎಚ್ಚರಿಕೆ ಫಲಕಗಳು ಕನ್ನಡದಲ್ಲೂ ಇರಬೇಕು, ತಾಲೂಕು ಆಸ್ಪತ್ರೆಯ ತುರ್ತು ಚಿಕಿತ್ಸೆ ಜಾಗದಲ್ಲಿ ಕನ್ನಡ ಗೊತ್ತಿರೋ ಒಬ್ಬರಾದ್ರೂ ಇರಬೇಕು. ಇಂಥ ಬೇಡಿಕೆಗೆ ಇಲ್ಲ ಅನ್ನೋಕೆ ಯಾವ ಅಧಿಕಾರಿಗೂ ಕಷ್ಟ.

ಇಲ್ಲಿವರೆಗೆ ಹೇಳಿದ್ದು ಮೊದಲೇ ಗೊತ್ತುಮಾಡಿಡಬಹುದಾದ ವಿಷಯ. ಗೊತ್ತುಮಾಡೋಕೆ ಆಗದೇ ಇರೋದೂ ಇದೆ. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಕಬ್ಬಿನ ಲಾರಿಗೆ ಕಾಯೋ ಆನೆಗಳನ್ನ ಎಲ್ಲರೂ ನೋಡಿದ್ದೀರಿ. ಅವು ಹೇಗೂ ಕಣ್ಣಿಗೆ ಕಾಣ್ತವೆ. ಕಾಡಿನ ದಾರಿಯಲ್ಲಿ ತಿರುವು ಕಳೆದ ಕೂಡಲೇ ಎದುರಾಗೋ ಒಂಟಿ ಆನೆ ಬೇರೆ. ಅಲ್ಲಿ ಲೆಕ್ಕ ಹಾಕೋಕೆ ಸಮಯ ಇಲ್ಲ. ಆದರೂ ಕೆಲವರು ಸರಿಯಾಗೇ ಮಾಡ್ತಾರೆ. ಹೇಗೆ?

ಗ್ಯಾರಿ ಕ್ಲೈನ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಬೆಂಕಿ ಆರಿಸೋ ದಳದ ಮುಖ್ಯಸ್ಥರ ಹಿಂದೆ ಬಿದ್ದು ಇದನ್ನೇ ಕೇಳಿದರು. ಎರಡು ದಾರಿ ಮುಂದಿಟ್ಟು ಹೋಲಿಸಿ ಒಂದನ್ನ ಆರಿಸ್ತಾರೆ ಅಂತ ಅವರು ಅಂದುಕೊಂಡಿದ್ದರು. ಹಾಗೆ ಯಾರೂ ಮಾಡ್ತಿರಲಿಲ್ಲ. "ಇದು ಅಂಥದ್ದೇ" ಅಂತ ಗುರುತು ಹಿಡೀತಿದ್ದರು, ಅಂಥದ್ದಕ್ಕೆ ಏನು ಮಾಡಬೇಕೋ ಅದನ್ನ ಮಾಡ್ತಿದ್ದರು. ಅವರು ಹೇಳೋ ಒಂದು ಪ್ರಸಂಗ ಇದೆ. ಒಂದು ಮನೆಯ ಅಡುಗೆಮನೆಯಲ್ಲಿ ಬೆಂಕಿ. ನೀರು ಹೊಡೆದರೂ ಆರ್ತಾ ಇಲ್ಲ. ಮುಖ್ಯಸ್ಥನಿಗೆ ಏನೋ ಸರಿ ಇಲ್ಲ ಅನ್ನಿಸ್ತು, ಎಲ್ಲರೂ ಹೊರಗೆ ಬನ್ನಿ ಅಂದ. ಬಂದ ಕೂಡಲೇ ಅವರು ನಿಂತಿದ್ದ ನೆಲವೇ ಕುಸೀತು. ಬೆಂಕಿ ಇದ್ದದ್ದು ಕೆಳಗಿನ ನೆಲಮಾಳಿಗೆಯಲ್ಲಿ. ಆತ ಇದನ್ನ ಅತೀಂದ್ರಿಯ ಶಕ್ತಿ ಅಂತ ನಂಬಿದ್ದ. ಕೂತು ವಿಚಾರಿಸಿದಾಗ ಗೊತ್ತಾದ್ದು: ಅಷ್ಟು ಸಣ್ಣ ಬೆಂಕಿಗೆ ಕೋಣೆ ತೀರಾ ಬಿಸಿ ಇತ್ತು, ಅಷ್ಟು ಬಿಸಿಗೆ ಸದ್ದು ತೀರಾ ಕಮ್ಮಿ ಇತ್ತು. ಹೊಂದಾಣಿಕೆ ಆಗಲಿಲ್ಲ ಅನ್ನೋದನ್ನ ತಲೆಗಿಂತ ಮೊದಲು ಮೈ ಹಿಡಿದಿತ್ತು.

ನಮ್ಮ ಸೋಲಿಗರ, ಊರಾಳಿಗಳ ಹಿರಿಯರು ಕಾಡಲ್ಲಿ ಥಟ್ಟನೆ ನಿಂತು ಕೈ ಎತ್ತೋದು ನೋಡಿದ್ದೀರಲ್ಲ? ಅದೇ ಇದು. ಮುರಿದ ಕೊಂಬೆ ಹಸಿಯಾಗಿದೆ, ಲದ್ದಿ ಬೆಚ್ಚಗಿದೆ, ಹಕ್ಕಿ ಸದ್ದು ನಿಂತಿದೆ. ಅವರಿಗೆ "ಹೇಗೆ ಗೊತ್ತಾಯ್ತು ತಾತ" ಅಂದ್ರೆ "ಗೊತ್ತಾಯ್ತು ಕಣಪ್ಪ" ಅಂತಾರೆ. ಅಲ್ಲಿಗೆ ಬಿಡಬೇಡಿ. ಮೊದಲು ಏನು ಕಾಣಿಸ್ತು, ಮೊದಲು ಏನು ಕೇಳಿಸ್ತು, ಹೋದ ಸಲಕ್ಕೂ ಈ ಸಲಕ್ಕೂ ಏನು ವ್ಯತ್ಯಾಸ ಇತ್ತು, ಹಿಡಿದು ಕೇಳಿ, ಕನ್ನಡದಲ್ಲಿ, ಅವರ ನುಡಿಯಲ್ಲೇ ಬರೆದಿಡಿ. ಟೀ ಅಂಗಡಿಯಲ್ಲಿ ಆನೆ ಎದುರಾದ ಕಥೆ ಹೇಳ್ತಾ ಹೇಳ್ತಾ ಆನೆ ದೊಡ್ಡದಾಗ್ತಾ ಹೋಗುತ್ತೆ, ಹುಡುಗ ವೀರ ಆಗ್ತಾ ಹೋಗ್ತಾನೆ. ಆ ಕಥೆಯಿಂದ ಕಲಿಯೋದು ಸೊನ್ನೆ. ಎಷ್ಟು ದೂರದಲ್ಲಿ ಬೈಕ್ ನಿಲ್ಲಿಸಿದೆ, ಹಾರ್ನ್ ಹೊಡೆದೆಯಾ, ಹಿಂದೆ ಕೂತವನು ಇಳಿದನಾ, ಯಾವಾಗ ತಿರುಗಿಸಿದೆ ಅಂತ ಕೇಳಿದರೆ ಅದೇ ಕಥೆ ಪಾಠ ಆಗುತ್ತೆ.

ಕೊನೆಗೆ, ನಿಮ್ಮ ಜೇಬಲ್ಲಿರೋದರ ವಿಷಯ. ಹಾವು ಆನೆಗಿಂತ ಇದು ಜಾಸ್ತಿ ಸಲ ನಿಮ್ಮಿಂದ ಅವಸರದ ತೀರ್ಮಾನ ಮಾಡಿಸುತ್ತೆ.

2016ರ ಸೆಪ್ಟೆಂಬರ್ ನೆನಪಿದೆಯಾ? ಕಾವೇರಿ ಆದೇಶ ಬಂತು. ಹೊಡೆಯೋ ವಿಡಿಯೋಗಳು ಎರಡೂ ಕಡೆ ಹರಿದಾಡಿದವು. ಸೆಪ್ಟೆಂಬರ್ 12ಕ್ಕೆ ಬೆಂಗಳೂರಲ್ಲಿ ಒಂದೇ ಡಿಪೋದಲ್ಲಿ ಹತ್ತಾರು ಬಸ್ಸು ಸುಟ್ಟವು, ಪೊಲೀಸ್ ಗುಂಡಿಗೆ ಒಬ್ಬ ಯುವಕ ಸತ್ತ. ಚೆನ್ನೈಯಲ್ಲಿ ಕನ್ನಡಿಗರ ಹೋಟೆಲ್ ಮೇಲೆ ದಾಳಿ ಆಯ್ತು. ಗಡಿಯಲ್ಲಿ ಬಸ್ಸು ನಿಂತವು. ಬೆಂಗಳೂರು, ಚೆನ್ನೈಯವರಿಗೆ ಅದು ನಾಲ್ಕು ದಿನದ ಗಲಾಟೆ. ನಮಗೆ ಹಾಗಲ್ಲ. ನಮ್ಮ ತರಕಾರಿ ಆ ಕಡೆ ಹೋಗಬೇಕು, ನಮ್ಮ ಅಕ್ಕನ ಮನೆ ಈ ಕಡೆ ಇದೆ, ಪಕ್ಕದ ಮನೆಯವರು ತಮಿಳರು, ಅವರ ಮಗಳಿಗೆ ನಮ್ಮಮ್ಮ ಬಾಣಂತನ ಮಾಡಿದ್ದಾರೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ವಾಟ್ಸಾಪ್ ಸುದ್ದಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರಿನಲ್ಲಿ, ತಮಿಳುನಾಡಿನ ತಿರುವಣ್ಣಾಮಲೈ ಕಡೆ, ಏನೂ ತಪ್ಪು ಮಾಡದ ಜನ ಹೊಡೆತಕ್ಕೆ ಸತ್ತರು. ಹೊಡೆದವರಲ್ಲಿ ಬಹಳ ಜನ ತಾವು ಮಕ್ಕಳನ್ನ ಕಾಪಾಡ್ತಾ ಇದ್ದೀವಿ ಅಂತಲೇ ಅಂದುಕೊಂಡಿದ್ದರು. ಅದಾದ ಮೇಲೆ ವಾಟ್ಸಾಪ್‌ನವರು ಭಾರತದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಅಂತ ಮಿತಿ ತಂದರು. ಬೆರಳಿಗೆ ಬೇಲಿ ಹಾಕಿದ ಹಾಗೆ. ಆದರೆ ಐದು ಗುಂಪು ಅಂದ್ರೂ ನಮ್ಮ ಇಡೀ ತಾಲೂಕಿಗೆ ಸಾಕು.

ಅಬ್ದುಲ್ ಕರೀಂ ಅವರ ಪ್ರಸಂಗದಲ್ಲಿ "ತಡೀರಪ್ಪ" ಅನ್ನೋರು ಬೇಕು ಅಂದೆನಲ್ಲ, ಅದು ಇಲ್ಲಿಗೆ. ಪ್ರತಿ ಊರಿನ ಗುಂಪಲ್ಲೂ ಇಬ್ಬರನ್ನ ಇವತ್ತೇ ಗೊತ್ತುಮಾಡಿ. ಒಬ್ಬರಿಗೆ ಕರ್ನಾಟಕದ ಕಡೆ ನಂಬಿಕಸ್ಥರ ನಂಬರ್ ಇರಬೇಕು, ಇನ್ನೊಬ್ಬರಿಗೆ ತಮಿಳುನಾಡಿನ ಕಡೆಯದ್ದು. ಹೊಡೆದಾಟದ, ಸಾವಿನ, ಮಕ್ಕಳು ಕಾಣೆಯಾದ ಯಾವ ವಿಡಿಯೋ ಬಂದರೂ ಮೊದಲು ಇವರಿಬ್ಬರಿಗೆ. ಆ ಜಾಗದಲ್ಲಿರೋ ಒಬ್ಬ ಮನುಷ್ಯನ ಜೊತೆ ಫೋನಲ್ಲಿ ಮಾತಾಡಿ ನಿಜ ಅಂತ ಆಗೋವರೆಗೆ ಗುಂಪಿಗೆ ಬರಬಾರದು. ತಡ ಆಗುತ್ತೆ. ಆಗಲಿ. ನಮ್ಮ ಪುಟದಲ್ಲಿ ಸುದ್ದಿ ಮೊದಲು ಬರಲಿಲ್ಲ ಅಂತ ಯಾರೂ ಸಾಯಲ್ಲ. ಮತ್ತೆ ಆ ಇಬ್ಬರಲ್ಲಿ ಒಬ್ಬರಾದ್ರೂ ಹೆಣ್ಣುಮಕ್ಕಳಿರಲಿ ಅಂತ ನನ್ನ ಸಲಹೆ. ರೋಷ ಬಂದಾಗ ಗಂಡುಹುಡುಗರು ಒಬ್ಬರನ್ನೊಬ್ಬರು ಏರಿಸ್ತಾರೆ, ಇದನ್ನ ನಾನು ಬೇಕಾದಷ್ಟು ನೋಡಿದ್ದೀನಿ.

ಮಾತು ಸಾಕು. ಊಟಕ್ಕೆ ಇನ್ನೂ ಒಂದು ಗಂಟೆ ಇದೆ. ಈಗ ಊರೂರಿನವರು ಬೇರೆ ಬೇರೆ ಕೂತ್ಕೊಳ್ಳಿ. ಕ್ಲೈನ್ ಅವರೇ ಹೇಳಿಕೊಟ್ಟ ಒಂದು ಆಟ ಆಡೋಣ. ನಿಮ್ಮೂರಲ್ಲಿ ನಿನ್ನೆ ರಾತ್ರಿ ಒಬ್ಬರಿಗೆ ಹಾವು ಕಚ್ಚಿತು, ಉಳಿಸಿಕೊಳ್ಳೋಕೆ ಆಗಲಿಲ್ಲ, ಕಥೆ ಮುಗಿದೇ ಹೋಗಿದೆ ಅಂದುಕೊಳ್ಳಿ. ಯಾಕೆ ಆಗಲಿಲ್ಲ ಅಂತ ಪ್ರತಿಯೊಬ್ಬರೂ ಒಂದೊಂದು ಕಾರಣ ಬರೀಬೇಕು. ಟವರ್ ಸಿಗಲಿಲ್ಲ, ಗಾಡಿಗೆ ಪೆಟ್ರೋಲ್ ಇರಲಿಲ್ಲ, ಅಪ್ಪ ಮಂತ್ರ ಹಾಕಿಸೋಣ ಅಂದ್ರು, ಹೀಗೆ ಏನಾದ್ರೂ. ಒಂದೊಂದು ಕಾರಣದ ಮುಂದೆ ಯಾರು, ಯಾವತ್ತಿನೊಳಗೆ, ಏನು ಸರಿ ಮಾಡ್ತೀರಿ ಅಂತ ಹೆಸರು ಸಮೇತ ಬರೀರಿ. ಅದಾದ ಮೇಲೆ ಇಬ್ಬಿಬ್ಬರು ಎದ್ದು ಬನ್ನಿ. ಒಬ್ಬರು ಫೋನ್ ಮಾಡೋರು, ಒಬ್ಬರು 108ರಲ್ಲಿ ಫೋನ್ ಎತ್ತೋರು. ಎತ್ತೋರು ತಮಿಳು ಬಿಟ್ಟು ಬೇರೆ ಮಾತಾಡೋ ಹಾಗಿಲ್ಲ. ಉಳಿದವರು ಹಿಂದೆ ನಿಂತು ಜೋರಾಗಿ ಕೂಗಾಡಿ, ಅಳ್ರಿ, ನಿಜವಾಗಿ ಆಗೋ ಹಾಗೇ. ಮೊದಲು ತಾಳಮಲೆಯವರೇ ಬನ್ನಿ, ಊರಿನವರು ನೀವು.